ಒಂಬತ್ತು ದಿನದ ಪಥ್ಯ

ನಮ್ಮ ಅಕ್ಕನ ಕೈ ನೋಡಿದವರೆಲ್ಲ ಈಗ ಒಂದೇ ಮಾತು ಹೇಳುತ್ತಾರೆ. ಎಷ್ಟು ಚೆಂದದ ಉಗುರು, ಇದು ಅನಾನಸು ಹೆಚ್ಚಿದವಳ ಕೈ ಅಂದರೆ ಯಾರಾದರೂ ನಂಬುತ್ತಾರೆಯೇ ಎಂದು. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳಿದ ಒಬ್ಬಿಬ್ಬರನ್ನು ಚಹಾ ಕೂಡ ಕೊಡದೆ ಕಳಿಸಿದ್ದೇನೆ. ನನ್ನ ಸಿಟ್ಟು ಊರಿಗೇ ಗೊತ್ತಿರುವುದರಿಂದ ಅವರೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆ ಉಗುರುಗಳು ಹಾಗಾಗುವುದಕ್ಕೆ ಅಕ್ಕ ಏನು ಕೊಟ್ಟಳು ಎಂಬುದು ಪೂರ್ತಿ ಗೊತ್ತಿರುವುದು ಇಬ್ಬರಿಗೆ. ಒಬ್ಬಳು ನಾನು. ಇನ್ನೊಬ್ಬಳು ಶೆಡ್ಡಿನಲ್ಲಿ ಅಕ್ಕನ ಪಕ್ಕ ಕೂತು ಕೆಲಸ ಮಾಡುತ್ತಿದ್ದ ಗೆಳತಿ. ಅವಳು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ, ಬಿಡುವವಳೂ ಅಲ್ಲ. ಹಾಗಾಗಿ ನಾನೇ ಹೇಳಬೇಕು.

ಬನವಾಸಿಯಿಂದ ಶಿರಸಿಗೆ ಬರುವ ದಾರಿಯಲ್ಲಿ ಆ ಶೆಡ್ಡು ಇದೆ. ಹೊಲದಿಂದ ಬಂದ ಅನಾನಸಿನ ಸಿಪ್ಪೆ ತೆಗೆದು, ನಡುವಿನ ದಿಂಡು ಕೊರೆದು, ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಸಕ್ಕರೆ ಪಾಕದೊಡನೆ ಡಬ್ಬಿಗೆ ತುಂಬುವುದು ಅಲ್ಲಿಯ ಕೆಲಸ. ಅಕ್ಕ ಸಿಪ್ಪೆ ತೆಗೆಯುವ ಸಾಲಿನವಳು. ಬೆಳಿಗ್ಗೆ ಚಾಕು ಹಿಡಿದರೆ ಸಂಜೆಯವರೆಗೂ ಕೈ ರಸದಲ್ಲೇ. ರಬ್ಬರಿನ ಕೈಗವಸು ಕೊಡುತ್ತಾರೆ. ಒಂದು ತಾಸು ಕಳೆಯುವುದರೊಳಗೆ ಅದರೊಳಗೆ ಬೆವರೂ ರಸವೂ ಸೇರಿ ಬೆರಳು ನೆನೆಹಾಕಿದ ಕಡಲೆಯಂತೆ ಉಬ್ಬುತ್ತವೆ. ಮೊದಲು ಉಗುರಿನ ಅಂಚು ಕೆಂಪಾಗಿ ಊದುತ್ತದೆ. ಆಮೇಲೆ ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಪದರು ಪದರಾಗಿ ಏಳುತ್ತದೆ. ಒತ್ತಿದರೆ ಕೆನೆಯಂಥದ್ದು ಹೊರಬರುತ್ತದೆ. ಶೆಡ್ಡಿನ ಹೆಂಗಸರು ಇದಕ್ಕೆ "ಬೆರಳು ಬೇಯೋದು" ಅನ್ನುತ್ತಾರೆ. ಮಳೆಗಾಲದಲ್ಲಿ ಹೆಚ್ಚು ಬೇಯುತ್ತವೆ, ಬೇಸಿಗೆಯಲ್ಲಿ ಕಡಿಮೆ. ಅದೊಂದು ರೋಗ ಎಂದು ಯಾರೂ ಎಣಿಸಿರಲಿಲ್ಲ.

ಅಕ್ಕನದು ಮಾತ್ರ ಬೇಸಿಗೆಯಲ್ಲೂ ಇಳಿಯಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಚರ್ಮದ ಮೇಲಿರುವ ಯೀಸ್ಟ್ ಎಂಬ ಫಂಗಸ್ಸಿಗೆ ಸಕ್ಕರೆ ಎಂದರೆ ಹಬ್ಬದೂಟ, ಅಂಥ ಮೈಯಲ್ಲಿ ಒಮ್ಮೆ ಬಿಡಾರ ಹೂಡಿದರೆ ಅದು ಏಳುವ ಮಾತೇ ಇಲ್ಲ. ಬೆರಳಿನಿಂದ ಕಾಲಿನ ಸಂದಿಗೆ, ಅಲ್ಲಿಂದ ಎದೆಯ ಕೆಳಗಿನ ಮಡಿಕೆಗೆ ಇಳಿಯಿತು. ಅವಳು ಯಾರಿಗೂ ಹೇಳಲಿಲ್ಲ. ಒಂದು ಭಾನುವಾರ ನಾನು ಶಿರಸಿಯಿಂದ ಹೋದಾಗ ರೊಟ್ಟಿ ತಟ್ಟುತ್ತ ಕೂತಿದ್ದಳು. ಪ್ರತಿ ಸಲ ಅಂಗೈ ಹಿಟ್ಟಿಗೆ ತಾಗಿದಾಗಲೂ ಹಲ್ಲು ಕಚ್ಚುತ್ತಿದ್ದಳು. ಕೈ ಎಳೆದು ನೋಡಿದೆ. ಎರಡು ಬೆರಳಿನ ಉಗುರು ಹಸಿರುಗಪ್ಪಾಗಿ ಬುಡದಿಂದ ಎದ್ದಿದ್ದವು. ನಾನು ಬೈದೆ. ನನಗೆ ಹೆದರಿಕೆಯಾದರೂ ದುಃಖವಾದರೂ ಬಾಯಿಗೆ ಬರುವುದು ಬೈಗುಳವೇ.

ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನೈದು. ಅವಳು ಶಾಲೆ ಬಿಟ್ಟಳು, ನನ್ನನ್ನು ಬಿಡಿಸಲಿಲ್ಲ. ಮದುವೆಯಾಗಿ ಭಾವನ ಮನೆಗೆ ಹೋಗುವಾಗ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು. ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಹಣೆ ಮುಟ್ಟಿದ್ದು ಎಲ್ಲ ಅದೇ ಬೆರಳು. ಈಗ ಶೆಡ್ಡಿನ ಮೇಸ್ತ್ರಿ, ಹುಣ್ಣಿನ ಕೈಯವರು ಹಣ್ಣು ಮುಟ್ಟಬಾರದು, ತಿಂಗಳೊಳಗೆ ವಾಸಿ ಮಾಡಿಕೊಳ್ಳದಿದ್ದರೆ ಬೇರೆ ಕೆಲಸ ನೋಡಿಕೊಳ್ಳಬೇಕು ಎಂದಿದ್ದನಂತೆ. ಶೆಡ್ಡು ಬಿಟ್ಟರೆ ಅಕ್ಕನಿಗೆ ಬೇರೆ ಲೋಕವೇ ಇರಲಿಲ್ಲ. ಅವಳ ಹರಟೆ, ನಗೆ, ಜಗಳ ಎಲ್ಲ ಅಲ್ಲೇ ಇತ್ತು. ಒಂದು ತಿಂಗಳೊಳಗೆ ಅವಳ ಕೈ ವಾಸಿ ಮಾಡುತ್ತೇನೆ ಎಂದು ನಾನು ಅಲ್ಲೇ ಒಲೆಯ ಮುಂದೆ ಹಟ ತೊಟ್ಟೆ.

ಹಟಕ್ಕೆ ಕಾರಣವೂ ಇತ್ತು. ನಾನು ಶಿರಸಿಯ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದೆ. ನಮ್ಮ ಮೇಡಂ ಯಲ್ಲಾಪುರದ ಕಡೆಯವರು, ಇಡಗುಂದಿ ಕಾಡಿನಲ್ಲಿ ಓಡಾಡಿ ಬೆಳೆದವರು. ಹಳ್ಳಿಯ ಮನೆಗಳಲ್ಲಿ ಚರ್ಮಕ್ಕೆ ಹಚ್ಚುವ ಗಿಡಗಳ ಸತ್ವವನ್ನು ಡಾಕ್ಟರು ಬರೆಯುವ ಫಂಗಸ್ ಔಷಧಿಯ ಜೊತೆ ಸೇರಿಸಿದರೆ ಯೀಸ್ಟ್ ಬೇಗ ಸಾಯುತ್ತದೆಯೇ ಎಂದು ನೋಡುವುದು ಅವರ ಕೆಲಸ. ತಟ್ಟೆಯಲ್ಲಿ ಯೀಸ್ಟ್ ಬೆಳೆಸಿ, ಅದರಲ್ಲಿ ಸಣ್ಣ ಗುಳಿ ತೋಡಿ, ಒಂದಕ್ಕೆ ಎಲೆಯ ಸತ್ವ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಎರಡನ್ನೂ ಹಾಕಿ ಇಡುವುದು ನನ್ನ ಕೆಲಸ. ಮರುದಿನ ಯೀಸ್ಟ್ ಸತ್ತ ಕಡೆ ಗುಳಿಯ ಸುತ್ತ ಸ್ವಚ್ಛ ವೃತ್ತ ಕಾಣುತ್ತದೆ. ಕೆಲವು ಎಲೆಗಳು ಯೀಸ್ಟಿನ ಬೇಲಿಯನ್ನು, ಅಂದರೆ ಅದರ ಹೊರಪದರವನ್ನು, ಮುರಿಯುತ್ತವೆ, ಆ ಸಂದಿಯಲ್ಲಿ ಔಷಧಿ ಒಳಗೆ ನುಗ್ಗುತ್ತದೆ. ಅಂಥ ದಿನ ವೃತ್ತ ದೊಡ್ಡದಾಗಿರುತ್ತದೆ. ಅಳೆದು ಅಳೆದು ನನಗೆ ಆ ವೃತ್ತದ ಮೇಲೆ ದೇವರ ಮೇಲಿರುವುದಕ್ಕಿಂತ ಹೆಚ್ಚು ನಂಬಿಕೆ ಬಂದಿತ್ತು. ಅಲ್ಪವಿದ್ಯಾ ಮಹಾಗರ್ವಿ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಕ್ಕನನ್ನು ಶಿರಸಿಗೆ ಕರೆಸಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಹಚ್ಚಲು ಕ್ರೀಮು ಬರೆದರು, ಜೊತೆಗೆ ವಾರಕ್ಕೆ ಒಂದೇ ಒಂದು ಮಾತ್ರೆ. ಕೈ ಒಣಗಿರಬೇಕು, ನಾಲ್ಕು ತಿಂಗಳಾದರೂ ಬೇಕು ಎಂದರು. ಸಕ್ಕರೆಗೆ ಯಾವ ಮಾತ್ರೆ ನುಂಗುತ್ತೀರಿ ಎಂದು ಅಕ್ಕನನ್ನು ಕೇಳಿದರು. ಅಕ್ಕನಿಗೆ ಅದರ ಬಣ್ಣ ಗೊತ್ತು, ಹೆಸರು ಗೊತ್ತಿಲ್ಲ. ನನಗೆ ಲ್ಯಾಬಿನ ಹೊತ್ತಾಗುತ್ತಿತ್ತು. ಅದೆಲ್ಲ ಕಂಟ್ರೋಲಿನಲ್ಲಿದೆ ಸರ್ ಎಂದು ನಾನು ನಡುವೆ ಬಾಯಿ ಹಾಕಿದೆ. ಮುಂದಿನ ಸಲ ಬರುವಾಗ ಚೀಟಿ ತನ್ನಿ, ನೋಡದೆ ಹೆಚ್ಚಿಗೆ ಕೊಡಲು ಬರುವುದಿಲ್ಲ ಎಂದರು. ನನಗೆ ತಲೆಯಲ್ಲಿ ಕೂತದ್ದು ನಾಲ್ಕು ತಿಂಗಳು ಎಂಬ ಮಾತು ಒಂದೇ.

ಆಗ ಶೆಡ್ಡಿನ ಗೆಳತಿ ಕೋಲಸಿರ್ಸಿಯ ಒಬ್ಬ ಅಮ್ಮನ ವಿಷಯ ಹೇಳಿದಳು. ಸಿದ್ದಾಪುರದ ಹತ್ತಿರ, ಬೆರಳ ಹುಣ್ಣಿಗೆ ಎಲೆ ಮದ್ದು ಕೊಡುವವರು. ದುಡ್ಡು ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿ ಇಟ್ಟು ಬಂದರಾಯಿತು. ಮುಂದಿನ ಮಂಗಳವಾರ ಅಕ್ಕ ನಾನು ಬಸ್ಸು ಹತ್ತಿದೆವು. ಆ ಅಮ್ಮ ವಯಸ್ಸಾಗಿದ್ದರೂ ಗಟ್ಟಿ ಹೆಂಗಸು. ಅಕ್ಕನ ಬೆರಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಹಿತ್ತಲಿಗೆ ಹೋಗಿ ಬಾಗಿಲು ಹಾಕಿಕೊಂಡರು, ಒಳಕಲ್ಲಿನಲ್ಲಿ ಕುಟ್ಟುವ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಹಸಿರು ಮುದ್ದೆ, ಯಾವ ಎಲೆ ಎಂದು ಗುರುತು ಸಿಗದ ಹಾಗೆ ಅರೆದದ್ದು. ಈ ಕಡೆಯ ಮದ್ದು ಕೊಡುವವರೆಲ್ಲ ಹಾಗೇ. ಹೆಸರು ಹೊರಗೆ ಬಿದ್ದರೆ ಗುಣ ಹೋಗುತ್ತದೆ ಎಂಬ ನಂಬಿಕೆ.

ಮುದ್ದೆಯಲ್ಲಿ ಸ್ವಲ್ಪ ಬೆರಳಿಗೆ ಹಚ್ಚಬೇಕು, ಸ್ವಲ್ಪ ಕುದಿಸಿ ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯಬೇಕು. ಒಂಬತ್ತು ದಿನ ಪಥ್ಯ. ಮಧ್ಯಾಹ್ನ ಒಂದು ಹೊತ್ತು ಗಂಜಿ, ರಾತ್ರಿ ಮಜ್ಜಿಗೆ. ಹುಳಿ ಇಲ್ಲ, ಹಣ್ಣಿಲ್ಲ, ಸಿಹಿಯಂತೂ ನಾಲಗೆಗೂ ತಾಗಬಾರದು. ಇಷ್ಟನ್ನೆಲ್ಲ ಅಕ್ಕನಿಗೆ ಹೇಳಿ, ಆ ಅಮ್ಮ ನನ್ನ ಕಡೆ ತಿರುಗಿದರು.

"ಬೇರೆ ಎಂತಾದ್ರೂ ಮದ್ದು ತಗತ್ತಾ ಇದು? ಇಂಗ್ಲಿಷ್ ಮಾತ್ರೆ ಗೀತ್ರೆ? ಇದ್ರೆ ಆನು ಕೊಡ್ತಿಲ್ಲೆ."

ಅಕ್ಕ ಬಾಯಿ ತೆರೆಯುವುದರೊಳಗೆ ನಾನು ಇಲ್ಲ ಎಂದೆ. ಹೌದು ಎಂದರೆ ಅವರು ಮದ್ದು ಕೊಡುವುದಿಲ್ಲ, ಬಂದ ದಾರಿಗೆ ಸುಂಕವಿಲ್ಲ ಎಂದು ಗೊತ್ತಿತ್ತು. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಾಳೆಲೆಯಲ್ಲಿ ಮುದ್ದೆ ಕಟ್ಟಿ ಅಕ್ಕನ ಮಡಿಲಿಗೆ ಹಾಕಿದರು. ಹೀಗೆ ಡಾಕ್ಟರಿಗೆ ಎಲೆಯ ವಿಷಯ ಗೊತ್ತಿಲ್ಲ, ಆ ಅಮ್ಮನಿಗೆ ಮಾತ್ರೆಯ ವಿಷಯ ಗೊತ್ತಿಲ್ಲ. ಎರಡೂ ಗೊತ್ತಿದ್ದವಳು ನಾನೊಬ್ಬಳು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅದೊಂದು ಜಾಣತನವೆಂದೇ ಅನಿಸುತ್ತಿತ್ತು.

ಆ ಮುದ್ದೆಯಲ್ಲಿ ಒಂದು ಉಂಡೆಯಷ್ಟನ್ನು ಡಬ್ಬಿಗೆ ಹಾಕಿಕೊಂಡು ಸಂಜೆಯೇ ಲ್ಯಾಬಿಗೆ ಹೋದೆ. ಅಕ್ಕನ ಉಗುರ ಸಂದಿಯಿಂದ ಹತ್ತಿಯಲ್ಲಿ ತೆಗೆದಿದ್ದ ಯೀಸ್ಟನ್ನು ಮೇಡಂಗೆ ಹೇಳದೆ ಮೊದಲೇ ಬೆಳೆಸಿಟ್ಟಿದ್ದೆ. ಮೂರು ಗುಳಿ ತೋಡಿದೆ. ಮರುದಿನ ತಟ್ಟೆ ತೆಗೆದಾಗ ಯೀಸ್ಟಿನ ಎಂದಿನ ಹುಳಿಹಿಟ್ಟಿನ ವಾಸನೆ. ಎಲೆಯ ಸುತ್ತ ಉದ್ದಿನ ಕಾಳಿನಷ್ಟು ಜಾಗ ಸ್ವಚ್ಛವಾಗಿತ್ತು, ಮಾತ್ರೆಯ ಸುತ್ತ ಮಬ್ಬು ಮಬ್ಬು. ಎರಡೂ ಸೇರಿದ ಕಡೆ ಅರ್ಧ ತಟ್ಟೆಯೇ ಕನ್ನಡಿಯಾಗಿತ್ತು. ಅಷ್ಟು ದೊಡ್ಡ ವೃತ್ತವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಖುಷಿ ತಡೆಯದೆ ಮೇಡಂಗೆ ತೋರಿಸಿದೆ. ಯಾವ ಗಿಡ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರ ಮುಖ ಬಿಗಿಯಾಯಿತು.

"ಹೆಸರಿಲ್ಲದ ಗಿಡ ನನ್ನ ಲ್ಯಾಬಿಗೆ ಬೇಡ. ಮತ್ತೆ ನೆನಪಿಟ್ಟುಕೋ, ಈ ತಟ್ಟೆಗೆ ಹೊಟ್ಟೆ ಇಲ್ಲ, ಲಿವರ್ ಇಲ್ಲ. ಇದನ್ನ ನೋಡಿ ಯಾರ ಬಾಯಿಗೂ ಏನನ್ನೂ ಹಾಕಬೇಡ."

ಆಯಿತು ಮೇಡಂ ಎಂದೆ. ಮನಸ್ಸಿನಲ್ಲಿ, ನಿಮ್ಮ ಕೈ ಬೆಣ್ಣೆಯಂತಿದೆ, ನಿಮಗೇನು ಗೊತ್ತು ಎಂದುಕೊಂಡೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ತಟ್ಟೆಯಲ್ಲಿ ಎಲೆ ಇತ್ತು, ಮಾತ್ರೆ ಇತ್ತು, ಯೀಸ್ಟ್ ಇತ್ತು. ನಮ್ಮ ಅಕ್ಕ ಇರಲಿಲ್ಲ.

ಅಂದೇ ಸಂಜೆ ಔಷಧಿ ಅಂಗಡಿಯಲ್ಲಿ ಲ್ಯಾಬಿಗೆ ಬೇಕು ಎಂದು ಹೇಳಿ ಫಂಗಸ್ ಮಾತ್ರೆಯ ಒಂದು ಪಟ್ಟಿಯನ್ನೇ ಕೊಂಡು ಅಕ್ಕನ ಮನೆಗೆ ಒಯ್ದೆ. ಡಾಕ್ಟರು ವಾರಕ್ಕೊಂದು ಎಂದಿದ್ದರು, ನಾನು ದಿನಕ್ಕೊಂದು ಮಾಡಿದೆ. ಎಲೆ ಒಂಬತ್ತು ದಿನ ಬೇಲಿ ಮುರಿಯುವಾಗ ಮಾತ್ರೆಯೂ ಒಂಬತ್ತು ದಿನ ನುಗ್ಗಲಿ ಎಂಬ ಲೆಕ್ಕ. ಸಕ್ಕರೆ ಮಾತ್ರೆಯನ್ನು ಎಂದಿನಂತೆ ಬೆಳಿಗ್ಗೆ ನುಂಗು, ಅದನ್ನು ತಪ್ಪಿಸಬೇಡ ಎಂದೂ ಹೇಳಿದೆ. ಮರುದಿನ ಗುರುವಾರ ಪಥ್ಯ ಶುರುವಾಯಿತು. ಅಕ್ಕ ಮೂರನ್ನೂ ಸಾಲಾಗಿ ಇಟ್ಟುಕೊಂಡು, ಕಷಾಯ ಕುಡಿದು, ಎರಡು ಮಾತ್ರೆ ನುಂಗಿ, ಮಧ್ಯಾಹ್ನದವರೆಗೆ ಏನೂ ತಿನ್ನದೆ ಶೆಡ್ಡಿನಲ್ಲಿ ಕೂರತೊಡಗಿದಳು.

ಭಾನುವಾರ ಹೋದಾಗ ಅವಳೇ ಬಾಗಿಲಿಗೆ ಬಂದು ಎರಡೂ ಕೈ ಚಾಚಿ ತೋರಿಸಿದಳು. ಊತ ಇಳಿದಿತ್ತು. ಸಂದಿಯ ಬಿಳಿ ಪದರು ಉದುರಿ ಕೆಳಗೆ ಹೊಸ ಚರ್ಮ ಗುಲಾಬಿಯಾಗಿ ಕಾಣುತ್ತಿತ್ತು. ನಾನು ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ನಿನ್ನ ಸಿಟ್ಟಿಗಿಷ್ಟು ಬೆಂಕಿ ಹಚ್ಚ, ಆದರೂ ನೀ ಡಾಕ್ಟರಾಗಬೇಕಿತ್ತು ನೋಡು ಎಂದು ಅಕ್ಕ ನಕ್ಕಳು. ನಗುವಾಗ ಅವಳ ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಗಂಜಿ ಕುಡಿದ ಮೈ, ನಿಶ್ಶಕ್ತಿ ಎಂದುಕೊಂಡೆ.

ಊಟಕ್ಕೆ ಮೊದಲು ಎಲೆಅಡಿಕೆ ಬೇಕಾಗಿ ಅವಳ ಸೊಂಟದ ಚೀಲಕ್ಕೆ ಕೈ ಹಾಕಿದೆ. ಸುಣ್ಣದ ಡಬ್ಬಿಯ ಪಕ್ಕ ಕಾಗದದಲ್ಲಿ ಸುತ್ತಿದ ಬೆಲ್ಲದ ಚೂರು ಸಿಕ್ಕಿತು. ಇದೇನು ಎಂದೆ. ಅಕ್ಕ ಕದ್ದು ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು.

"ಎರಡು ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಕಣ್ಣು ಕತ್ತಲಿ ಬರ್ತೈತಿ ತಂಗೀ. ಈಟ ಬೆಲ್ಲ ಬಾಯಾಗ ಇಟಗೊಂಡ್ರ ಹಗುರ ಆಕ್ಕೈತಿ."

ನನ್ನ ನೆತ್ತಿಗೆ ರಕ್ತ ಏರಿತು. ಸಕ್ಕರೆ ಕಾಯಿಲೆ ಇಟ್ಟುಕೊಂಡು ಬೆಲ್ಲ, ಅದೂ ಪಥ್ಯದಲ್ಲಿ. ನಾನು ಅಲ್ಲಿ ಇಲ್ಲಿ ಅಲೆದು, ಸುಳ್ಳು ಹೇಳಿ, ಕೈಕಾಲು ಹಿಡಿದು ಮದ್ದು ತಂದರೆ ಇವಳು ಯೀಸ್ಟಿಗೆ ಊಟ ಬಡಿಸುತ್ತಿದ್ದಾಳೆ ಎನಿಸಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆ ಬೆಲ್ಲವನ್ನು ಹಿತ್ತಲಿಗೆ ಎಸೆದೆ. ಅಷ್ಟಕ್ಕೂ ಸಮಾಧಾನವಾಗದೆ ಅವಳ ಬಲಗೈ ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡು, ಒಂಬತ್ತು ದಿನ ಮುಗಿಯಿತು ಎಂದು ನಾನು ಹೇಳುವ ತನಕ ಸಿಹಿ ಮುಟ್ಟುವುದಿಲ್ಲ ಎಂದು ಅವ್ವನ ಆಣೆ ಹಾಕಿಸಿದೆ. ಅಕ್ಕ ಅಳುತ್ತ ಆಣೆ ಹಾಕಿದಳು. ಅವ್ವನ ಆಣೆಯನ್ನು ಅವಳು ಬದುಕಿನಲ್ಲಿ ಒಮ್ಮೆಯೂ ಮುರಿದವಳಲ್ಲ. ಆಗ ಐದನೆಯ ದಿನ... ಅಲ್ಲ, ಗುರುವಾರದಿಂದ ಎಣಿಸಿದರೆ ನಾಲ್ಕನೆಯ ದಿನ. ಈ ಎಣಿಕೆಯನ್ನು ನಾನು ತಪ್ಪಬಾರದು.

ಬುಧವಾರ ಬೆಳಿಗ್ಗೆ ಲ್ಯಾಬಿನಲ್ಲಿ ಹಳೆಯ ತಟ್ಟೆಗಳನ್ನು ತೊಳೆಯಲು ತೆಗೆಯುತ್ತಿದ್ದೆ. ಅಕ್ಕನ ಯೀಸ್ಟಿನ ತಟ್ಟೆಯನ್ನು ಬೆಳಕಿಗೆ ಹಿಡಿದೆ. ಆ ದೊಡ್ಡ ಸ್ವಚ್ಛ ವೃತ್ತದೊಳಗೆ ಬಿಳಿ ಚುಕ್ಕೆಗಳು ಎದ್ದಿದ್ದವು, ರವೆ ಚೆಲ್ಲಿದಷ್ಟು ಸಣ್ಣವು. ಸತ್ತಿದೆ ಎಂದುಕೊಂಡದ್ದು ಪೂರ್ತಿ ಸತ್ತಿರಲಿಲ್ಲ. ಮುಚ್ಚಳ ಹಾಕಿ ತಟ್ಟೆಯನ್ನು ಹಿಂದೆ ಸರಿಸಿದೆ. ಅದೇ ಹೊತ್ತಿಗೆ ಫೋನು ಬಂತು.

ಗೆಳತಿ ಶೆಡ್ಡಿನಿಂದ ಮಾತಾಡುತ್ತಿದ್ದಳು. ಅಕ್ಕ ಬಂದಾಗಿನಿಂದ ಸುಮ್ಮನೆ ಕೂತಿದ್ದಳಂತೆ. ಚಾಕು ಹಿಡಿದು ಹಣ್ಣನ್ನೇ ನೋಡುತ್ತಿದ್ದಳಂತೆ, ಕೊಯ್ಯಲಿಲ್ಲ. ಸೀರೆಯೆಲ್ಲ ಬೆವರಿಗೆ ತೊಯ್ದಿತ್ತು. ಅವ್ವ ಬಂದಾಳ, ಬಾಗಿಲಾಗ ನಿಂತಾಳ ಎಂದು ಏನೇನೋ ಮಾತು. ಮೈಮೇಲೆ ಏನಾದರೂ ಬಂತೇ ಎಂದು ಒಬ್ಬಳು ಕುಂಕುಮ ತರಲು ಓಡಿದ್ದಳು. ಗೆಳತಿ ಮಾತ್ರ ಆಣೆಗೆ ಮೊದಲಿನ ಎರಡು ದಿನ ಅಕ್ಕನ ಪಕ್ಕ ಕೂತು, ಅವಳು ಬೆಲ್ಲ ತಿಂದು ಸುಧಾರಿಸಿಕೊಂಡದ್ದನ್ನು ಕಂಡವಳು. ಅವರ ಪಕ್ಕದಲ್ಲೇ ಒಲೆಯ ಮೇಲೆ ಪಾಕದ ಕೊಪ್ಪರಿಗೆ ಇತ್ತು. ಒಂದು ಸೌಟು ಎತ್ತಿ ಆರಿಸಿ ಅಕ್ಕನ ಬಾಯಿಗೆ ಹಿಡಿದಿದ್ದಾಳೆ. ಅಕ್ಕ ಅಷ್ಟು ಭ್ರಮೆಯಲ್ಲೂ ಸೌಟನ್ನು ದೂರ ನೂಕಿ, ಆಣಿ ಐತಿ, ತಂಗೀನ್ನ ಕೇಳ್ರಿ ಎಂದಳಂತೆ.

"ಕೇಳಾಕ ಫೋನ್ ಮಾಡೀನ್ರಿ. ಎರಡು ಚಮಚ ಪಾಕ ಬಿಡೂಣೇನ್ರಿ ಬಾಯಾಗ?"

"ಬ್ಯಾಡ," ಎಂದೆ. "ಇನ್ನ ಎರಡು ದಿನ ಪಥ್ಯ ಐತಿ. ಸಿಹಿ ಮುಟ್ಟಸಬ್ಯಾಡ್ರಿ. ಮಲಗಸ್ರಿ, ನಾ ಬರ್ತೀನಿ."

ಇದನ್ನು ನಾನು ಹೇಳಿದೆ. ಸಕ್ಕರೆ ಇಳಿದರೆ ಮನುಷ್ಯರು ಬೆವರುತ್ತಾರೆ, ನಡುಗುತ್ತಾರೆ, ಅಸಂಬದ್ಧ ಮಾತಾಡುತ್ತಾರೆ ಎಂದು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಓದು ಬಾರದ ಆ ಹೆಣ್ಣುಮಗಳ ಕೈ ಸರಿಯಾದ ಕಡೆ ಹೋಗಿತ್ತು. ನಾನು ಅದನ್ನು ತಡೆದೆ. ಕಷಾಯದ ಉಷ್ಣ ಇರಬೇಕು, ಇನ್ನೆರಡು ದಿನಕ್ಕೆ ಯಾಕೆ ಕೆಡಿಸಬೇಕು ಎಂಬುದು ಆಗ ತಲೆಯಲ್ಲಿದ್ದದ್ದು.

ಬನವಾಸಿ ಬಸ್ಸು ತಡವಾಯಿತು. ನಾನು ಶೆಡ್ಡು ಮುಟ್ಟಿದಾಗ ಹನ್ನೊಂದೂವರೆ. ಅಕ್ಕನನ್ನು ಗೋಣಿಚೀಲಗಳ ಮೇಲೆ ಮಲಗಿಸಿದ್ದರು. ಗೊರಕೆಯಂಥ ಉಸಿರು, ಕರೆದರೆ ಓಗೊಡಲಿಲ್ಲ. ಡಬ್ಬಿ ಒಯ್ಯಲು ಬಂದಿದ್ದ ಶಿರಸಿಯ ಸಾಬರೊಬ್ಬರು ತಮ್ಮ ಟೆಂಪೋದಲ್ಲಿ ಕಂಬಳಿ ಹಾಸಿ ಅವಳನ್ನು ಎತ್ತಿಸಿಕೊಂಡರು. ನಾನೂ ಗೆಳತಿಯೂ ಹತ್ತಿದೆವು. ಅರ್ಧ ದಾರಿಯಲ್ಲಿ ಅವರು, ಇವರಿಗೆ ಶುಗರ್ ಐತೇನ್ರಿ, ಬೆಳಿಗ್ಗೆ ಏನಾದ್ರೂ ತಿಂದಾರೇನ್ರಿ ಎಂದು ಕೇಳಿದರು. ಶುಗರ್ ಇದೆ, ಏನೂ ತಿಂದಿಲ್ಲ ಎಂದೆ. ಅವರು ಕೂಡಲೇ ಒಂದು ಚಹದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಒಂದು ಹಿಡಿ ಸಕ್ಕರೆ ತಂದು, ಅಕ್ಕನ ತುಟಿ ಸರಿಸಿ ವಸಡಿಗೆ ತಿಕ್ಕಿದರು. ತಮ್ಮ ತಾಯಿಗೂ ಹೀಗೇ ಆಗುತ್ತಿತ್ತು ಎಂದರು. ಆಗ ನನಗೆ ಎಲ್ಲ ಒಮ್ಮೆಲೇ ಗೊತ್ತಾಯಿತು. ಟೆಂಪೋದ ಕಬ್ಬಿಣದ ಸರಳು ಹಿಡಿದುಕೊಂಡು ಕೂತೆ.

ಆಸ್ಪತ್ರೆಯಲ್ಲಿ ಬೆರಳಿಗೆ ಚುಚ್ಚಿ ರಕ್ತ ನೋಡಿದರು. ಯಂತ್ರದಲ್ಲಿ ಅಂಕಿಯೇ ಬರಲಿಲ್ಲ, "ಲೋ" ಎಂದಷ್ಟೇ ತೋರಿಸಿತು. ನರಕ್ಕೆ ಗ್ಲೂಕೋಸ್ ಏರಿಸಿದರು. ಏನೇನು ಔಷಧಿ ಎಂದು ಕೇಳಿದಾಗ ನಾನು ಅಕ್ಕನ ಚೀಲದಿಂದ ಎಲ್ಲವನ್ನೂ ತೆಗೆದು ಮೇಜಿನ ಮೇಲಿಟ್ಟೆ. ಅಲ್ಲಿಯ ಡಾಕ್ಟರು ಫಂಗಸ್ ಮಾತ್ರೆಯ ಪಟ್ಟಿಯಲ್ಲಿ ಖಾಲಿಯಾದ ಮನೆಗಳನ್ನು ಎಣಿಸಿದರು. ಏಳು. ಈ ಮಾತ್ರೆ ಸಕ್ಕರೆ ಮಾತ್ರೆಯನ್ನು ಮೈಯಿಂದ ಹೊರಗೆ ಹೋಗಲು ಬಿಡುವುದಿಲ್ಲ, ದಿನಾ ಕೊಟ್ಟರೆ ಒಂದರ ಮೇಲೊಂದು ಕೂಡಿ ಬೀಳುತ್ತದೆ, ಅದರ ಮೇಲೆ ಹೊಟ್ಟೆಯೂ ಖಾಲಿ ಎಂದರು. ಎಲೆಯ ಪಾಲೆಷ್ಟು ಎಂದು ಕೇಳಿದೆ. ಯಾವ ಎಲೆ ಎಂದು ಗೊತ್ತಿಲ್ಲದೆ ಹೇಗೆ ಹೇಳಲಿ ಎಂದರು. ದಿನಕ್ಕೊಂದು ಕೊಡಿ ಎಂದವರು ಯಾರು ಎಂದಾಗ ನಾನೇ ಎಂದು ಒಪ್ಪಿಕೊಳ್ಳುವಷ್ಟು ಧೈರ್ಯ ಹೇಗೋ ಬಂತು. ಮುಂದಿನ ಪ್ರಶ್ನೆಗೆ ಅದು ಉಳಿಯಲಿಲ್ಲ.

"ಬಿದ್ದಾಗಲೇ ಒಂದು ಚಮಚ ಸಕ್ಕರೆ ಹಾಕಿದ್ದರೆ ಆಗುತ್ತಿತ್ತಲ್ಲ. ಸಕ್ಕರೆ ಪಾಕದ ಶೆಡ್ಡಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?"

ಗೆಳತಿ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ನೆಲ ನೋಡಿದಳು.

"ನಮಗ ತಿಳೀಲಿಲ್ರಿ," ಎಂದಳು. "ಓದಿದವ್ರಲ್ಲ ನಾವು."

ಅವಳು ಹೊತ್ತುಕೊಂಡ ಆ ತಪ್ಪನ್ನು ಇಳಿಸಿಕೊಳ್ಳಲು ನನ್ನ ನಾಲಗೆ ಏಳಲಿಲ್ಲ. ಭಾವ ಬಂದು ಅವಳಿಗೆ ನಾಲ್ಕು ಮಾತು ಬಿರುಸಾಗಿ ಅಂದಾಗಲೂ ಏಳಲಿಲ್ಲ. ಎಲ್ಲರ ಮೇಲೂ ಹರಿಹಾಯುವ ನನ್ನ ಸಿಟ್ಟು ಅವತ್ತು ಎಲ್ಲಿ ಅಡಗಿತ್ತೋ.

ಅಕ್ಕ ಮೂರನೆಯ ದಿನ ಕಣ್ಣು ಬಿಟ್ಟಳು. ನನ್ನ ಗುರುತು ಸಿಕ್ಕಿತು, ಭಾವನ ಗುರುತೂ ಸಿಕ್ಕಿತು. ಆದರೆ ಮಿದುಳು ತಾಸುಗಟ್ಟಲೆ ಹಸಿದಿತ್ತಲ್ಲ, ಅದರಲ್ಲಿ ಒಂದಷ್ಟು ಭಾಗ ಮರಳಿ ಬರಲಿಲ್ಲ. ಈಗ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಒಲೆ ಹಚ್ಚಿದರೆ ಆರಿಸುವುದು ಗೊತ್ತಿಲ್ಲ. ಚಾಕು ಕೈಗೆ ಕೊಡುವ ಹಾಗಿಲ್ಲ. ಶೆಡ್ಡಿನ ಮೇಸ್ತ್ರಿ ಕೊಟ್ಟ ತಿಂಗಳು ಮುಗಿದ ದಿನ ಅವಳ ಬೆರಳುಗಳಲ್ಲಿ ಒಂದು ಕಲೆಯೂ ಇರಲಿಲ್ಲ. ತಟ್ಟೆಯಲ್ಲಿ ಎದ್ದ ಚುಕ್ಕೆಗಳು ಅವಳ ಕೈಯಲ್ಲಿ ಏಳಲೇ ಇಲ್ಲ, ಕೈ ಹಣ್ಣಿನ ರಸ ಮುಟ್ಟುವುದೇ ನಿಂತುಹೋಯಿತಲ್ಲ. ಐದಾರು ತಿಂಗಳಿಗೆ ಹತ್ತೂ ಉಗುರು ಹೊಸದಾಗಿ ಬಂದವು.

ಲ್ಯಾಬಿನ ಕೆಲಸ ಬಿಟ್ಟು ಅಕ್ಕನ ಮನೆಗೆ ಬಂದೆ. ಬರುವ ಮೊದಲು ಒಮ್ಮೆ ಕೋಲಸಿರ್ಸಿಗೆ ಹೋಗಿ ಆ ಅಮ್ಮನ ಮುಂದೆ ಮಾತ್ರೆಯ ವಿಷಯ ಮುಚ್ಚಿಟ್ಟದ್ದನ್ನು ಹೇಳಿಕೊಂಡೆ. ಬೈಯಲಿ ಎಂದು ಕಾಯುತ್ತಿದ್ದೆ. ಅವರು ಬೈಯಲಿಲ್ಲ.

"ಆನು ಕೇಳಿದ್ದೆ ಅಲ್ದನೇ ತಂಗಿ, ಬೇರೆ ಮದ್ದು ಇದ್ದಾ ಹೇಳಿ?" ಎಂದು ಒಂದೇ ಮಾತು ಕೇಳಿ, ನಾನು ಇಟ್ಟ ತೆಂಗಿನಕಾಯಿಯನ್ನು ನನ್ನ ಕಡೆಗೇ ಸರಿಸಿ ಒಳಗೆ ಹೋದರು.

ಶೆಡ್ಡಿನ ಹೆಂಗಸರು ಈಗಲೂ ಬರುತ್ತಾರೆ. ಅಕ್ಕನ ಕೈ ಹಿಡಿದು ತಿರುಗಿಸಿ ನೋಡಿ, ಆ ಎಲೆ ಮಾತ್ರೆ ಎರಡನ್ನೂ ನಮಗೂ ಕೊಡಿಸ್ರಿ ಎಂದು ನನ್ನ ಬೆನ್ನು ಹತ್ತುತ್ತಾರೆ. ಇವಳ ಗತಿ ಕಾಣುವುದಿಲ್ಲವೇ ಎಂದು ಕಿರುಚುತ್ತೇನೆ. ಅದು ಸಕ್ಕರೆ ಬ್ಯಾನಿಯಿಂದ ಆದದ್ದು, ನಮಗೆ ಆ ಬ್ಯಾನಿ ಇಲ್ಲ ಎನ್ನುತ್ತಾರೆ. ಪರೀಕ್ಷೆ ಮಾಡಿಸಿದ್ದೀರಾ ಎಂದರೆ ಒಬ್ಬರೂ ಮಾಡಿಸಿಲ್ಲ. ಹೋದ ಮಳೆಗಾಲದಲ್ಲಿ ಇಬ್ಬರು ತಾವೇ ಎರಡನ್ನೂ ಹೊಂದಿಸಿಕೊಂಡು ಶುರು ಮಾಡಿದ್ದಾರೆಂದು ಗೆಳತಿ ಹೇಳಿದಳು. ಅವರ ಕೈ ಚೆನ್ನಾಗಿ ಆಗುತ್ತಿದೆಯಂತೆ. ಆ ಮಾತು ಕೇಳಿದ ಮೇಲೆ ಯಾವ ಫೋನು ಬಂದರೂ ಶೆಡ್ಡಿನಿಂದಲೇ ಎಂದುಕೊಂಡು ಓಡುತ್ತೇನೆ.

ಅಕ್ಕನಿಗೆ ಈಗ ಇನ್ಸುಲಿನ್ ಚುಚ್ಚುತ್ತೇನೆ. ಬೆವರಿದರೆ, ನಡುಗಿದರೆ, ತಡಮಾಡದೆ ಸಿಹಿ ಕೊಡಬೇಕೆಂದು ಡಾಕ್ಟರು ಹೇಳಿದ್ದಾರೆ. ಮನೆಯ ಮೂಲೆ ಮೂಲೆಯಲ್ಲಿ ಬೆಲ್ಲ ಇಟ್ಟಿದ್ದೇನೆ. ಆದರೆ ಎಲ್ಲ ಮರೆತ ಅಕ್ಕ ಒಂದನ್ನು ಮರೆತಿಲ್ಲ. ದಿನಾ ತಟ್ಟೆ ಮುಂದಿಟ್ಟಾಗ, ಪಥ್ಯ ಮುಗೀತೇನ ತಂಗೀ ಎಂದು ಕೇಳುತ್ತಾಳೆ. ಮುಗೀತು ಅಕ್ಕಾ ಎಂದರೆ ನಂಬುವುದಿಲ್ಲ. ಬೆರಳು ಮಡಚಿ ಎಣಿಸುತ್ತಾಳೆ. ಪ್ರತಿ ಸಲವೂ ಏಳಕ್ಕೆ ನಿಲ್ಲುತ್ತಾಳೆ. ಇನ್ನ ಎರಡು ದಿನ ಅದಾವ ಎಂದು ಸಿಹಿಯನ್ನು ಬದಿಗೆ ಸರಿಸುತ್ತಾಳೆ.

ಮೊನ್ನೆ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದವಳ ಹಣೆ ಒಮ್ಮೆಲೇ ಬೆವರಿತು. ತುಟಿ ಬಿಳಿಚಿಕೊಂಡಿತು. ಬೆಲ್ಲ ಹಿಡಿದು ಓಡಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೇಡಿಕೊಂಡೆ, ಕಾಲು ಹಿಡಿದೆ, ಆಣೆ ಬಿಡಿಸಿದೆ ಎಂದು ಅತ್ತೆ. ತಲೆ ಅಲ್ಲಾಡಿಸಿದಳು. ಕಡೆಗೆ ಆ ಚೆಂದದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ದವಡೆ ಹಿಡಿದು, ಬಾಯಿ ತೆರೆಸಿ ಬೆಲ್ಲ ತುರುಕಿದೆ. ಉಗುಳದಂತೆ ಅಂಗೈಯಿಂದ ಬಾಯಿ ಒತ್ತಿ ಹಿಡಿದೆ. ಕಣ್ಣೀರು ಸುರಿಸುತ್ತ ನುಂಗಿದಳು. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಮೈಗೆ ಬಿಸಿ ಬಂತು, ಕಣ್ಣು ತಿಳಿಯಾಯಿತು. ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ನಾನು ಹಾಲು ಚೆಲ್ಲಿದಾಗ ನೋಡುತ್ತಿದ್ದ ಹಾಗೆ, ಬೇಸರದಿಂದ.

"ಕೆಡಿಸಿದೆಲ್ಲ ತಂಗೀ," ಎಂದಳು. "ಇನ್ನ ಮೊದಲಿಂದ ಹಿಡೀಬೇಕು."

ಸೆರಗಿನಿಂದ ತುಟಿಯ ಮೇಲಿನ ಬೆಲ್ಲ ಒರೆಸಿಕೊಂಡು, ಕೈ ಮುಂದೆ ಚಾಚಿ, ಕಿರುಬೆರಳು ಮಡಚಿ ಒಂದು ಎಂದಳು.